ಕುದಿಸಿದ ಕಲ್ಲು

ಮಾರ್ಚ್ 4, ಬೆಳಿಗ್ಗೆ

ಪಾಚಿ ಬೆಳೆಸಿದ ಹಸಿರು ನೀರು ಕಲಕಿದ್ದಾಯಿತು. ರೋಟಿಫರ್ ಎಂಬ ಧೂಳಿನಷ್ಟು ಸಣ್ಣ ಹುಳುಗಳ ಬಕೆಟ್ಟಿಗೆ ಅರ್ಧ ಲೋಟ ಸುರಿದದ್ದೂ ಆಯಿತು. ಕನ್ನಡಕದ ಅಂಗಡಿಯಿಂದ ತಂದ ಭೂತಗನ್ನಡಿ ಹಿಡಿದು ನೋಡಿದೆ. ಧೂಳು ಕುಣಿಯುತ್ತಿದೆ — ಅಂದರೆ ಬದುಕಿವೆ. ಮೀನಿನ ಮರಿಗಳು ಹುಟ್ಟಿದ ಮೇಲೆ ತಿನ್ನುವುದು ಈ ಧೂಳನ್ನೇ. ಇದು ಸತ್ತರೆ ಅವೂ ಸತ್ತ ಹಾಗೆ.

ಮೊಟ್ಟೆಗಳಿಗೆ ಕಣ್ಣು ಬಂದಿದೆ. ಟೈಲ್ಸ್ ತುಂಡಿನ ಮೇಲೆ ಬೆಳ್ಳಿ ಚುಕ್ಕಿಗಳು, ಎಲ್ಲವೂ ನನ್ನನ್ನೇ ನೋಡುತ್ತಿರುವಂತಿದೆ. ಗಂಡು ಕ್ಲೌನ್‌ಫಿಶ್ ಪಾಪ, ಹಗಲಿಡೀ ರೆಕ್ಕೆ ಬೀಸಿ ಗಾಳಿ ಹಾಕುತ್ತದೆ. ಹೆಣ್ಣು ಅದಕ್ಕಿಂತ ಎರಡರಷ್ಟು ದಪ್ಪ. ಕೆಲಸ ಮಾಡಿಸುವುದಷ್ಟೇ ಅದರ ಕೆಲಸ. ಅಕ್ಕ ಅದಕ್ಕೆ ಯಜಮಾನಿ ಎಂದು ಹೆಸರಿಟ್ಟಿದ್ದಾಳೆ.

"ಯಜಮಾನಿ ಮನೆಯವರಿಗೆ ಅಂತ ಒಂದು ಬಾತ್‌ರೂಮೇ ಹೋಯ್ತು. ನಾಳೆ ನನ್ನ ಮಂಚಾನೂ ಕೇಳ್ತೀಯೇನೇ?" ಎಂದಳು, ಹೊಲಿಗೆ ಮಿಷಿನ್ನಿನಿಂದ ತಲೆ ಎತ್ತದೆ. ಬಾಯಿ ಮಾತ್ರ. ನಾನು ಕೆಲಸಕ್ಕೆ ಹೋದ ಮೇಲೆ ಅಲ್ಲಿ ಹೋಗಿ ನಿಂತು ಮೀನಿನ ಜೊತೆ ಮಾತಾಡುವವಳು ಅವಳೇ.

ಭಯವಾಗುತ್ತಿದೆ. ಹಿಂದೆ ಮೂರು ಸಲ ಮರಿ ಹುಟ್ಟಿದವು. ಮೂರು ಸಲವೂ ಒಂದು ವಾರ ದಾಟಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ತಳದಲ್ಲಿ ಬೂದಿ ಉದುರಿದಂತೆ. ಈ ಸಲವೂ ಹಾಗಾದರೆ... ಬಿಡ್ತು ಅನ್ನು.

ಮಾರ್ಚ್ 6

ಟ್ಯಾಂಕಿನ ದೊಡ್ಡ ಕಲ್ಲಿನ ಮೇಲೆ ಬಟನ್ ಹವಳ ಹಬ್ಬಿದೆ. ಅಂಗಿಯ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದ ಹಾಗೆ. ಹಸಿರು, ಕಂದು. ಮುಟ್ಟಿದರೆ ಮುದುಡಿಕೊಳ್ಳುತ್ತದೆ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಈಗ ಟೈಲ್ಸ್ ಅಂಚಿಗೂ ಹತ್ತಿದೆ. ಹೀಗೇ ಬಿಟ್ಟರೆ ಮುಂದಿನ ಸಲ ಮೊಟ್ಟೆ ಇಡಲು ಜಾಗವೇ ಇರುವುದಿಲ್ಲ.

ಮಣ್ಣಿನ ಮಡಕೆ ಕೊಂಡಾಗ ಮೀನಂಗಡಿಯವರು ಹೇಳಿದ್ದರು — ಟ್ಯಾಂಕಿಗೆ ಹಾಕೋ ಮುಂಚೆ ಚೆನ್ನಾಗಿ ಕುದಿಸಿಬಿಡಿ ಮೇಡಂ, ಯಾವ ಕೊಳೆಯೂ ಉಳಿಯಲ್ಲ ಎಂದು. ಮಡಕೆಗೆ ಆದದ್ದು ಕಲ್ಲಿಗೂ ಆದೀತು. ಭಾನುವಾರ ರಜೆ ಇದೆ.

ಮಾರ್ಚ್ 7, ಸಂಜೆ

ಕತ್ತಲಾಗದೆ ಮೊಟ್ಟೆ ಒಡೆಯುವುದಿಲ್ಲ. ರಾತ್ರಿಯೆಲ್ಲ ಕಾಯಲು ನನ್ನಿಂದಾಗದು. ಮಧ್ಯಾಹ್ನವೇ ಟೈಲ್ಸ್ ತುಂಡನ್ನು ಹಿಂದಿನ ಬಾತ್‌ರೂಮಿನ ಸಣ್ಣ ಟ್ಯಾಂಕಿಗೆ ಸಾಗಿಸಿ, ಕಿಟಕಿಗೆ ಅಕ್ಕ ಹೊಲಿದ ದಪ್ಪ ಪರದೆ ಕಟ್ಟಿದೆ. ಮೀನಿಗೂ ಮೋಸ ಮಾಡುವ ಜಾತಿ ನಮ್ಮದು.

ಟಾರ್ಚ್ ಬಿಟ್ಟು ನೋಡಿದೆ. ಒಡೆದಿವೆ! ನೀರಿನ ತುಂಬ ರೆಪ್ಪೆಗೂದಲಿನಂಥ ಜೀವಗಳು. ಅಕ್ಕನನ್ನು ಕೂಗಿದೆ. ಕೈಯಲ್ಲಿ ಕತ್ತರಿ ಹಿಡಿದೇ ಓಡಿ ಬಂದಳು.

"ಅಯ್ಯೋ, ಇಷ್ಟೇ ಇಷ್ಟು! ಇದಕ್ಕೆಲ್ಲಾ ಹೊಟ್ಟೆ ಅಂತ ಬೇರೆ ಇರುತ್ತಾ?"

"ಹೊಟ್ಟೆ ಇದೆ, ಅದಕ್ಕೇ ಭಯ."

"ಸಾಕು ಸುಮ್ನಿರೇ. ಹುಟ್ಟಿದ ಗಳಿಗೇಲೇ ಸಾವಿನ ಮಾತು."

ಮಾರ್ಚ್ 8, ಭಾನುವಾರ

ಕಲ್ಲು ತೆಗೆದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟು ಅದರೊಳಗೆ ಇಳಿಸಿದೆ. ಕೊಳೆತ ಸೀಗಡಿಯ ವಾಸನೆ. ಅಕ್ಕ ಬೆಳಕು ಚೆನ್ನಾಗಿದೆ ಎಂದು ಅಡುಗೆಮನೆಯಲ್ಲೇ ಕೂತು ಇನ್ನೊಂದು ಪರದೆಯ ಅಂಚು ಮಡಿಸುತ್ತಿದ್ದಳು. ಮೂಗು ಮುಚ್ಚಿಕೊಂಡು ಬೈದಳು, ಎದ್ದು ಹೋಗಲಿಲ್ಲ. ನಾನು ಮರಿಗಳಿಗೆ ಧೂಳು ಹಾಕಲು ಹೋದೆ. ವಾಪಸ್ ಬಂದಾಗ ಕಿಟಕಿ ಗಾಜಿನ ಮೇಲೆಲ್ಲ ಹಬೆ.

ಸಂಜೆ ಬಾಯಿ ಕಹಿ. ಬಾಯಲ್ಲಿ ಮೊಳೆ ಇಟ್ಟುಕೊಂಡ ಹಾಗೆ. ಅಕ್ಕನಿಗೂ ಅಷ್ಟೇ. ಜೊತೆಗೆ ಒಣ ಕೆಮ್ಮು. ಹವಾಮಾನ ಬದಲಾಗಿದೆ, ಅದಕ್ಕೇ ಇರಬೇಕು.

ಮಾರ್ಚ್ 9

ಕೆಲಸದಿಂದ ಬಂದಾಗ ಅಕ್ಕ ಎರಡು ಹೊದಿಕೆ ಹೊದ್ದು ನಡುಗುತ್ತಿದ್ದಳು. ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ನಾನು ಕಂಡೇ ಇಲ್ಲ. ನಮ್ಮ ಬೀದಿಯ ಡಾಕ್ಟರ್ ಮಾತ್ರೆ ಕೊಟ್ಟು, ಎಲ್ಲರಿಗೂ ಇದೇ ಜ್ವರ ಎಂದರು.

ಹಣೆ ಮುಟ್ಟಲು ಹೋದರೆ ಕೈ ತಳ್ಳಿದಳು. "ಹತ್ತಿರ ಬರಬೇಡ. ನಿನಗೂ ಅಂಟುತ್ತೆ."

ಮರಿಗಳು ಇವೆ. ಅಷ್ಟೂ ಬದುಕಿವೆ. ಖುಷಿಪಡಲು ಮನಸ್ಸಿಲ್ಲ.

ಮಾರ್ಚ್ 10, ಮಧ್ಯಾಹ್ನ, ಆಸ್ಪತ್ರೆ

ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಕೆಡುತ್ತದೆ.

ಬೆಳಿಗ್ಗೆ ಮೀನಂಗಡಿಗೆ ಫೋನ್ ಮಾಡಿದ್ದು ಬೇರೆ ವಿಷಯಕ್ಕೆ. ಮರಿಗಳ ನೀರು ಎಷ್ಟು ಬದಲಿಸಲಿ ಎಂದು. ಮಾತಿನ ನಡುವೆ, ಕಲ್ಲನ್ನೂ ಕುದಿಸಿದೆ, ಎಲ್ಲಾ ಬಟನ್ ಸತ್ತುಹೋಯಿತು ಎಂದೆ. ಜಂಬದಿಂದಲೇ.

ಅವರು ಕೇಳಿದರು, "ಮನೆ ಒಳಗಾ ಮೇಡಂ?"

"ಅಡುಗೆಮನೇಲಿ."

"ಅಯ್ಯೋ ದೇವ್ರೇ. ಮನೇಲಿ ಯಾರಿಗಾದ್ರೂ ಕೆಮ್ಮು, ಜ್ವರ, ಏನಾದ್ರೂ ಇದ್ಯಾ?"

ಪಕ್ಕದ ಕೋಣೆಯಲ್ಲಿ ಅಕ್ಕನ ಕೆಮ್ಮು ಅವರಿಗೇ ಕೇಳಿಸಿತೋ ಏನೋ.

"ಆ ಬಟನ್‌ನಲ್ಲಿ ವಿಷ ಇರುತ್ತೆ. ಕುದಿಸಿದ್ರೆ ಆವೀಲಿ ಬರುತ್ತೆ, ಉಜ್ಜಿದ್ರೆ ಕೈಗೂ ಹತ್ತುತ್ತೆ. ಈಗ್ಲೇ ಆಸ್ಪತ್ರೆಗೆ ಹೊರಡಿ. ಕಲ್ಲಿನ ವಿಷ್ಯ ಡಾಕ್ಟರ್ ಹತ್ರ ಮುಚ್ಚಿಡಬೇಡಿ."

ಆಟೋದಲ್ಲಿ ಅಕ್ಕ ನನ್ನ ಭುಜಕ್ಕೆ ಒರಗಿದ್ದಳು. ಅವಳ ಉಸಿರು ಗೊರಗೊರ ಎನ್ನುತ್ತಿತ್ತು. ತುಟಿ ನೀಲಿಗೆ ತಿರುಗಿತ್ತು. ಡಾಕ್ಟರ್ ಹುಡುಗಿಗೆ ಎಲ್ಲ ಹೇಳಿದೆ. ಕಲ್ಲು, ಪಾತ್ರೆ, ಹಬೆ, ಎಲ್ಲ. ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇದಕ್ಕೆ ಇಂಥದೇ ಮದ್ದು ಅಂತ ಇಲ್ಲ. ಉಸಿರು ನಿಲ್ಲದ ಹಾಗೆ ನೋಡ್ಕೋತೀವಿ. ಅವರ ದೇಹಾನೇ ಗೆಲ್ಲಬೇಕು."

ಉಸಿರು ನಿಲ್ಲದ ಹಾಗೆ. ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿದವಳು ಇವಳು. ಇವಳಿಗೆ ಏನಾದರೂ ಆದರೆ ನನಗೆ ಯಾರಿದ್ದಾರೆ? ದೇವರೇ, ನನಗೇ ಬರಬಾರದಿತ್ತೇ.

ಮಾರ್ಚ್ 13

ಮೂರು ದಿನ ಪೆನ್ನು ಹಿಡಿಯಲಾಗಲಿಲ್ಲ. ಅಕ್ಕನ ಬಾಯಲ್ಲಿ ನಳಿಗೆ, ಮೂಗಿನಲ್ಲಿ ನಳಿಗೆ, ಯಂತ್ರ ಉಸಿರಾಡಿಸುತ್ತಿತ್ತು. ಗಾಜಿನ ಈ ಕಡೆ ನಿಂತು ಎದೆ ಏರುವುದನ್ನೇ ನೋಡುತ್ತಿದ್ದೆ. ಇಳಿದ ಮೇಲೆ ಮತ್ತೆ ಏರುವ ತನಕ ನನ್ನ ಉಸಿರೂ ನಿಲ್ಲುತ್ತಿತ್ತು.

ಇವತ್ತು ಬೆಳಿಗ್ಗೆ ನಳಿಗೆ ತೆಗೆದರು. ಗಂಟಲು ಕಟ್ಟಿದೆ. ಮೊದಲ ಮಾತೇ, "ಮರಿಗಳು?"

ಸಿಟ್ಟು ಬಂತು, ಅಳು ಬಂತು. ಎರಡೂ ಒಟ್ಟಿಗೆ. ದಿನಕ್ಕೊಮ್ಮೆ ಮನೆಗೆ ಓಡಿ, ಮಾಸ್ಕ್ ಕಟ್ಟಿ, ಬಕೆಟ್ ಧೂಳು ಸುರಿದು ಬರುತ್ತಿದ್ದೆ. ಅಕ್ಕ ಇಲ್ಲಿ ಹೀಗೆ, ನಾನು ಅಲ್ಲಿ ಮೀನಿಗೆ ಊಟ ಹಾಕುವುದು... ಥೂ ನನ್ನ ಜನ್ಮಕ್ಕೆ ಎನಿಸುತ್ತಿತ್ತು. ಆದರೆ ಇವಳ ಎದುರು ಏನೆಂದು ಹೇಳಲಿ? ಇವೆ ಎಂದೆ. ಆಮೇಲೆ ಕಲ್ಲಿನ ವಿಷಯ ಹೇಳಿದೆ. ಜ್ವರವಲ್ಲ ಅಕ್ಕ, ನಾನು ಕುದಿಸಿದ ಕಲ್ಲು.

ಹೊದಿಕೆಯೊಳಗಿಂದ ಕೈ ಹೊರತೆಗೆದಳು.

"ಸೋಮವಾರ ನೀನು ಹೋದ ಮೇಲೆ ಆ ಕಲ್ಲನ್ನ ಉಜ್ಜಿದೆ ಕಣೇ. ಪಾತ್ರೆ ಬ್ರಷ್ ತಗೊಂಡು. ಸಂದಿಯಲ್ಲೆಲ್ಲಾ ಸತ್ತ ಬಟನ್ ಚರ್ಮ ಅಂಟ್ಕೊಂಡಿತ್ತು. ನೀನು ಬಂದು ನೋಡಿ ಖುಷಿಪಡ್ತೀಯ ಅಂತ."

ಅವಳ ಬೆರಳುಗಳನ್ನು ನೋಡಿದೆ. ಸೂಜಿ ಚುಚ್ಚಿದ ಗಾಯಗಳು, ತುದಿಗಳಲ್ಲಿ ಊತ. ಆ ಕೈಗಳನ್ನು ಹಿಡಿದು ಅಳುತ್ತಾ ಕೂತೆ. ನರ್ಸ್ ಬಂದು, ಪೇಷೆಂಟಿಗಿಂತ ನಿಮ್ಮದೇ ಗಲಾಟೆ ಜಾಸ್ತಿ ಎಂದು ಗದರಿದಳು.

ಮಾರ್ಚ್ 14

ಮೀನಂಗಡಿಯವರು ಕೈಗವಸು, ಮಾಸ್ಕ್, ಕನ್ನಡಕ ಹಾಕಿಕೊಂಡು ಬಂದರು. ಅಡುಗೆಮನೆ ಕಿಟಕಿಗಳನ್ನೆಲ್ಲ ತೆರೆದು ಬ್ಲೀಚ್ ನೀರಿನಲ್ಲಿ ಒರೆಸಿದರು. ಕಲ್ಲು, ಪಾತ್ರೆ, ಬ್ರಷ್ ಎಲ್ಲವನ್ನೂ ಅದೇ ನೀರಿನಲ್ಲಿ ಮುಳುಗಿಸಿ, ಆಮೇಲೆ ಎರಡು ಚೀಲದಲ್ಲಿ ಕಟ್ಟಿದರು. ಮಡಕೆಯ ಮಾತಿಗೆ ಕಲ್ಲನ್ನೂ ಸೇರಿಸಿಕೊಂಡದ್ದು ನಾನು, ನಿಮ್ಮ ತಪ್ಪಲ್ಲ ಎಂದೆ. ಅವರು ತಲೆ ತಗ್ಗಿಸಿಯೇ ಒರೆಸಿದರು.

ನನ್ನ ಮನೆಯ ಅಡುಗೆಮನೆಗೆ ಕಾಲಿಡಲು ನನಗೇ ಭಯ. ಹಿಡಿಕೆ ಮುಟ್ಟಲು ಭಯ. ಲೋಟ ಮುಟ್ಟಲು ಭಯ.

ಮಾರ್ಚ್ 20

ಅಕ್ಕ ನಿನ್ನೆ ಮನೆಗೆ ಬಂದಳು. ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ಮಲಗಿದಾಗ ಅವಳ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತೇನೆ. ಒಮ್ಮೆ ಸಿಕ್ಕಿಬಿದ್ದೆ. "ಇನ್ನೂ ಇದೀನಿ ಬಿಡು," ಎಂದಳು.

ಉಳಿದ ಮರಿಗಳಿಗೆ ಬಿಳಿ ಪಟ್ಟಿ ಮೂಡಿದೆ. ಗಂಡಾಂತರ ದಾಟಿದವು. ಇಷ್ಟು ದಿನ ಕಾದದ್ದು ಈ ಪಟ್ಟಿಗೇ, ಈಗ ಅದನ್ನು ಕಂಡರೆ ಮುಖ ತಿರುಗಿಸಿಬಿಡುತ್ತೇನೆ. ಎಲ್ಲವನ್ನೂ ಕೊಟ್ಟುಬಿಡುತ್ತೇನೆ. ಯಜಮಾನಿ, ಅದರ ಗಂಡ, ಮರಿ, ಟ್ಯಾಂಕು, ಎಲ್ಲ. ನಾಳೆ ಸಂಜೆ ಬಂದು ಒಯ್ಯಿರಿ ಎಂದು ಅಂಗಡಿಗೆ ಹೇಳಿದ್ದೇನೆ.

ಮಾರ್ಚ್ 21, ಸಂಜೆ

ಅಕ್ಕ ಹಿಂದಿನ ಬಾತ್‌ರೂಮ್ ಸೇರಿ ಒಳಗಿಂದ ಚಿಲಕ ಹಾಕಿಕೊಂಡಿದ್ದಾಳೆ. ಅಂಗಡಿಯವರು ಬಂದು, ಹೊರಗೆ ನಿಂತು, ಇನ್ನೊಂದು ದಿನ ಬರ್ತೀನಿ ಎಂದು ಹೋದರು. ಅವಳು ಹೊರಬರುವ ತನಕ ಬಾಗಿಲಿಗೆ ಒರಗಿ ಕೂತು ಬರೆಯುತ್ತಿದ್ದೇನೆ.

"ಬಾಗಿಲು ತೆಗಿಯೇ ಅಕ್ಕ. ಒಳಗೆ ಗಾಳಿ ಸಾಲಲ್ಲ."

"ಕೊಡೋಕೆ ನೀನ್ಯಾರು? ಜೀವ ಕೈಯಲ್ಲಿ ಹಿಡ್ಕೊಂಡು ಬಂದವಳು ನಾನು. ಭಯ ನಿನಗಾ?"

"ಹೌದು. ನನಗೇ."

ಕೆಮ್ಮಿದಳು. ಆಮೇಲೆ ಏನೂ ಇಲ್ಲ. ಪಂಪಿನ ಗುಳುಗುಳು ಮಾತ್ರ. ಬಾಗಿಲು ಬಡಿದೆ. ಇನ್ನೊಮ್ಮೆ ಬಡಿದೆ.

"ಶ್! ಮರಿ ಎಣಿಸ್ತಿದೀನಿ. ತಪ್ಪಿಹೋಯ್ತು ನೋಡು."

"ಜೋರಾಗಿ ಎಣಿಸೇ ಅಕ್ಕ. ನನಗೆ ಕೇಳಿಸಬೇಕು."

ನನ್ನ ಭಯ ಅವಳಿಗೆ ಅರ್ಥವಾಯಿತು ಅನಿಸುತ್ತದೆ. ಎಣಿಸುತ್ತಿದ್ದಾಳೆ. ಅವಳು ಅಂದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೇನೆ. ಒಂದು. ಎರಡು. ಮೂರು. ನಾಲ್ಕು. ಐದು. ಆರು — ಕೆಮ್ಮು — ಏಳು. ಎಂಟು. ಒಂಬತ್ತು. ಹತ್ತು. ಹನ್ನೊಂದು. ಹನ್ನೆರಡು — ಚಿಲಕ ಸರಿಯಿತು, ಬೆನ್ನ ಹಿಂದೆ ಬಾಗಿಲು ತೆರೆಯುತ್ತಿದೆ.