ಇನ್ನೊಂದ್ಸಲ ಓಡವ್ವಾ

ಫೆಬ್ರವರಿ 11, ಮಂಗಳವಾರ. ಕೊಟ್ಟೂರು.

ಫೋಟೋ ಚಲೋ ಬಂದೈತಿ. ಅದಕ್ಕ ನನಗ ಇಷ್ಟು ಸಿಟ್ಟು.

ಹಿರೇಹಡಗಲಿಯ ಗಾದೆಮ್ಮ ಬೆಳಿಗ್ಗೆ ಎಂಟಕ್ಕೇ ಎಂಟುನೂರು ಮೀಟರ್ ಓಟ ಗೆದ್ದಿದ್ಲು. ಅತಿಥಿ ಸಾಹೇಬ್ರು ಬಂದಿದ್ದು ಹನ್ನೊಂದಕ್ಕ. ಈ ವಿಶ್ವವಿದ್ಯಾಲಯದ ಕ್ರೀಡಾಕೂಟದಾಗ ಅತಿಥಿ ನೋಡದ ಓಟ ಓಟನೇ ಅಲ್ಲ. ಕ್ರೀಡಾ ನಿರ್ದೇಶಕ ದುರುಗೇಶ್, ಗೆದ್ದ ಹುಡುಗೀನ ಮತ್ತ ಕರ್ಕೊಂಡು ಬಂದ. "ಸಾಹೇಬ್ರ ಮುಂದ ಕೊನೀ ನೂರು ಮೀಟರ್ ಅಷ್ಟ ಓಡಿ ತೋರ್ಸವಾ, ಫೋಟೋಕ್ಕ."

ವರ್ಷಪೂರ್ತಿ ಇವರ ತಂಡಗಳ ಹಿಂದ ಹರಪನಹಳ್ಳಿ, ಹಡಗಲಿ ಅಂತ ಕ್ಯಾಮೆರಾ ಹೊತ್ತು ತಿರುಗೀನಿ. ದಣಿದ ಕಾಲು ನೋಡಿದ್ರ ನನಗ ತಿಳೀತೈತಿ. ಬ್ಯಾಡ್ರೀ ಅನ್ನಬೇಕಿತ್ತು. ಅನ್ನಲಿಲ್ಲ. ಆಕಿ ಓಡಿದ್ಲು, ಗಾಳಿಗೆ ಕೊನೀ ಗೆರೆಯ ರಿಬ್ಬನ್ ಹಾರಿ ಮುಖಕ್ಕ ಅಡ್ಡ ಬಂತು. ಆಗ ನಾನೇ ಅಂದೆ: "ಮುಖ ಬರಲಿಲ್ಲ, ಇನ್ನೊಂದ್ಸಲ ಓಡವ್ವಾ."

ಆ ಸಲ ಕಾಲು ಹೊರಳಿತು. ಪಾದ ಊದಿ ಚಪ್ಪಲಿ ಹಿಡೀವಲ್ದು. ನಾಳೆ ರಾಜ್ಯದ ತಂಡಕ್ಕ ಆಯ್ಕೆ.

ದುರುಗೇಶ್ ಅಂತಾನ, "ಹುಡುಗಿಗೆ ಅಭ್ಯಾಸ ಸಾಲ್ದು ಬಿಡ್ರಿ." ಥೂ, ನಾಚಿಕಿ ಇಲ್ಲದವನ! ಸಾಹೇಬ್ರಂತೂ ನೋಡೇ ಇಲ್ಲ. ಫೋಟೋದಾಗ ಐತಿ, ಆಕಿ ಹಿಂದ ಬೆನ್ನು ತಿರುಗಿಸಿ ಫೋನಿನಾಗ ಮಾತಾಡ್ತಾ ನಿಂತಾರ. ಅವ್ರನ್ನ ಬೈದು ಏನು ಮಾಡ್ಲಿ? ಓಡು ಅಂದಿದ್ದು ನನ್ನ ಬಾಯಿ.

ಈಗ ಗಾದೆಮ್ಮನ ಮೆಸೇಜು ಬಂದೈತಿ. ಕಾಲಿನ ಮಾತೇ ಇಲ್ಲ.

"ಸರ್, ಈ ಸಲ ಮುಖ ಬಂತೇನ್ರಿ?"