ನೀಲಿ ತಟ್ಟೆಯ ಮುದುಕಿಯರು

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಲ್ಯಾಬಿನಲ್ಲಿ ಬಿಳಿ ತಟ್ಟೆಯ ಎಣಿಕೆ ಮುಗಿಸಿದೆ, ಮಾಮೂಲಿ ಆಹಾರ ತಿಂದ ಹುಳಗಳದ್ದು. ತಂತಿಯ ತುದಿಯಿಂದ ಹುಳದ ಮೂತಿ ಮುಟ್ಟುವುದು. ಅಲುಗಿದರೆ ಬದುಕಿದೆ, ಇಲ್ಲದಿದ್ದರೆ ಇಲ್ಲ. ಹತ್ತೊಂಬತ್ತನೇ ದಿನ, ಹೆಚ್ಚಿನವು ಹೋಗಿವೆ. ಇನ್ನು ನೀಲಿ ತಟ್ಟೆ, ಪಾಚಿಯಿಂದ ತೆಗೆದ ನೀಲಿ ಪ್ರೋಟೀನ್ ತಿಂದವು. ಅರ್ಧಕ್ಕಿಂತ ಹೆಚ್ಚು ಕುಣಿಯುತ್ತಿವೆ. ಹೋದ ಸಲದಂತೆಯೇ. ನನ್ನ ಪಿಎಚ್‌ಡಿ ಗೈಡ್ ಆಗಲೇ ಪೇಪರಿನವರಿಗೆ ಹೇಳಿಬಿಟ್ಟಿದ್ದಾರೆ... ‘ಮುಪ್ಪನ್ನು ಮುಂದೂಡುವ ನೀಲಿ’. ಪಕ್ಕದಲ್ಲಿ ನನ್ನ ಫೋಟೋ. ಕಣ್ಣು ಮುಚ್ಚಿಕೊಂಡಿದ್ದೇನೆ.

ಮಧ್ಯಾಹ್ನ

ನೀಲಿ ತಟ್ಟೆಗೆ ಮೈಕ್ರೋಸ್ಕೋಪಿನ ದೀಪ ಸಣ್ಣದಿಡಬೇಕು — ಗೈಡ್ ರೂಲ್. ಬೆಳಕಿಗೆ ಬಣ್ಣ ಮಾಸುತ್ತದಂತೆ. ಇವತ್ತು ಏನೂ ಕಾಣದೆ ರೋಸಿಹೋಗಿ ಪೂರ್ತಿ ಹಾಕಿದೆ.

ಒಬ್ಬಳು ಮುದುಕಿ ಮೊಟ್ಟೆ ಇಡುತ್ತಿದ್ದಾಳೆ!

ಈ ಹುಳಗಳು ಮೊಟ್ಟೆ ಇಡುವುದು ಮೊದಲ ವಾರಕ್ಕೇ ಮುಗಿಯುತ್ತದೆ. ಇವಳು ಮುದುಕಿಯಲ್ಲ, ಮುದುಕಿಯ ಮಗಳು. ಆ ವಾರ ದಿನವೂ ತಾಯಂದಿರನ್ನಷ್ಟೇ ಹೊಸ ತಟ್ಟೆಗೆ ಎತ್ತಿಡಬೇಕು, ಮರಿಗಳನ್ನು ಹಳೆಯದರಲ್ಲೇ ಬಿಡಬೇಕು. ಮಂದ ಬೆಳಕು, ನೀಲಿ ನೆಲ — ಜೊತೆಗೆ ಅಂಟಿಕೊಂಡು ಬಂದ ಮೊಟ್ಟೆ ಯಾರಿಗೂ ಕಾಣಲಿಲ್ಲ. ತಾಯಿ ಸತ್ತು ಕರಗಿದಳು. ಮಗಳನ್ನು ತಾಯಿಯೆಂದು ಎಣಿಸಿದೆವು. ಇದೇ ನಮ್ಮ ದೀರ್ಘಾಯುಷ್ಯ.

ಮಾರ್ಚ್ 4, ಮಂಗಳವಾರ

ಗೈಡ್ ಹತ್ತಿರ ಹೋಗಿ ಹೇಳಿದೆ.

“ಎಲ್ಲೋ ಒಂದು ಹಾಗಿರುತ್ತಮ್ಮ. ಆ ಹುಳ ಬಿಟ್ಟಾಕು.”

“ಒಂದಲ್ಲ ಸಾರ್. ತಟ್ಟೆ ತುಂಬ ಆ ಮುದುಕಿಯರ ಹೆಣ್ಣುಮಕ್ಕಳೇ.”

“ಕಂಪನಿಯವರು ಆ ನೀಲಿ ಪೌಡರ್ ಮಾರ್ಕೆಟ್ಟಿಗೆ ಬಿಟ್ಟಾಯ್ತು. ಈಗ ಬಂದು ಹೇಳ್ತೀಯಲ್ಲ!”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರು ಇವರು. ಬೈಸಿಕೊಳ್ಳುವವಳು ನಾನು. ಮೈಯೆಲ್ಲ ಉರಿಯುತ್ತಿದೆ. ನಾಳೆಯಿಂದ ಹೊಸದಾಗಿ ಶುರು. ಹುಳ ಎತ್ತಿಡುವ ಹೊತ್ತಿನಲ್ಲಿ ಮಾತ್ರ ಪೂರ್ತಿ ದೀಪ. ಒಬ್ಬಳೇ ಮಾಡುತ್ತೇನೆ.

ಮಾರ್ಚ್ 6, ಗುರುವಾರ

ಮನೆಗೆ ಬಂದರೆ ಚಿಕ್ಕಮ್ಮನ ನಾಲಿಗೆ ನೀಲಿ. ಮೇಜಿನ ಮೇಲೆ ಡಬ್ಬಿ. ಅದೇ ಪೌಡರ್!

“ಇದರಿಂದ ಏನೂ ಆಗಲ್ಲ ಚಿಕ್ಕಮ್ಮ. ನಾವೇ ತಪ್ಪು ಎಣಿಸಿದ್ದೀವಿ.”

“ಪೇಪರಲ್ಲಿ ಬಂದಿದೆ ಕಣೇ. ನಿನ್ನ ಫೋಟೋನೂ ಇದೆ. ಮೂರು ಮನೆಯವರಿಗೆ ತೋರಿಸಿದೀನಿ.”

“ಫೋಟೋದಲ್ಲಿರೋಳೇ ಹೇಳ್ತಿದೀನಲ್ಲ, ಬೇಡ ಅಂತ!”

“ನಿಂಗೆ ಮೊದಲಿಂದ್ಲೂ ನಿನ್ನ ಮೇಲೇ ನಂಬಿಕೆ ಇಲ್ಲ. ನಿಮ್ಮ ಸಾರ್ ದೊಡ್ಡವರು.”

ಹಿತ್ತಲ ಗಿಡ ಮದ್ದಲ್ಲ. ಎತ್ತಿ ಆಡಿಸಿ ಓದಿಸಿದವಳಿಗೇ ನನ್ನ ಮಾತು ಬೇಡ. ಡಬ್ಬಿ ಎಸೆದೆ. ಎರಡು ದಿನ ಮಾತು ಬಿಡುತ್ತಾಳೆ, ಬಿಡಲಿ.

ಮಾರ್ಚ್ 31, ಸೋಮವಾರ

ಹೊಸ ಎಣಿಕೆ ಮುಗಿಯಿತು. ನೀಲಿ ತಿಂದವೂ ಸತ್ತವು, ತಿನ್ನದವೂ ಸತ್ತವು. ಒಟ್ಟೊಟ್ಟಿಗೆ, ಒಂದೇ ವಾರದಲ್ಲಿ. ಗ್ರಾಫ್ ಮುಂದಿಟ್ಟೆ. ಗೈಡ್ ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

“ದೀಪ ಜೋರು ಮಾಡಿದ್ದೀಯ. ಬಣ್ಣ ಕೆಟ್ಟಿದೆ. ಇದು ಲೆಕ್ಕಕ್ಕಿಲ್ಲ.”

ಬಣ್ಣ ಕಣ್ಣೆದುರಿಗೇ ಇತ್ತು, ನೀಲಿ ಅಂದರೆ ನೀಲಿ. ಕಂಡಿದ್ದನ್ನು ಸುಳ್ಳು ಅನ್ನುವುದಕ್ಕೆ ಇವರಿಗೊಂದು ದೀಪದ ನೆಪ. ಹಳೆಯ ಎಣಿಕೆಯನ್ನೇ ಹಾಕಿ ಬರೆದ ಪ್ರಬಂಧಕ್ಕೆ ಮೊದಲ ಹೆಸರು ನನ್ನದಂತೆ. ‘ದೊಡ್ಡ ಮನಸ್ಸು’ ಅಂದರು ಲ್ಯಾಬಿನ ಸೀನಿಯರ್. ಆ ಮನಸ್ಸಿಗಿಷ್ಟು ಬೆಂಕಿ ಬೀಳಲಿ.

ಏಪ್ರಿಲ್ 5, ಶನಿವಾರ, ಆಸ್ಪತ್ರೆ

ಚಿಕ್ಕಮ್ಮ ಬಚ್ಚಲಲ್ಲಿ ಬಿದ್ದಳು. ಎಡಗೈ ಏಳುತ್ತಿಲ್ಲ. ಬಾಯಿ ಸೊಟ್ಟಗಾಗಿದೆ.

ಡಾಕ್ಟರು ಕೇಳಿದರು, “ಬಿಪಿ ಮಾತ್ರೆ ಯಾವಾಗಿಂದ ನಿಲ್ಲಿಸಿದ್ರಿ?”

ನಿಲ್ಲಿಸಿದ್ದಾಳೆ ಅಂತಲೇ ನನಗೆ ಗೊತ್ತಿರಲಿಲ್ಲ. ಇನ್ನೊಂದು ನೀಲಿ ಡಬ್ಬಿ ತಂದು ಬಟ್ಟೆಯ ಬೀರುವಿನಲ್ಲಿ ಇಟ್ಟುಕೊಂಡು, ಮಾತ್ರೆಯ ಬದಲು ಅದನ್ನೇ ಕುಡಿಯುತ್ತಿದ್ದಳಂತೆ. ಯಾರು ಹೇಳಿದರು ಮಾತ್ರೆ ಬೇಡ ಅಂತ, ಡಾಕ್ಟರು ಅವಳನ್ನೇ ಕೇಳಿದರು. ಬಲಗೈ ಎತ್ತಿ ನನ್ನನ್ನು ತೋರಿಸಿದಳು. ಹೆಮ್ಮೆಯಿಂದ, ಪೇಪರಿನ ಫೋಟೋದವಳು ಇವಳೇ ಅನ್ನುವಂತೆ.

ಏಪ್ರಿಲ್ 7, ಸೋಮವಾರ, ಸಂಜೆ

ಗೈಡ್ ನೋಡಲು ಬಂದರು. ಕೈಯಲ್ಲಿ ನೀಲಿ ಡಬ್ಬಿ, ರಿಬ್ಬನ್ ಸುತ್ತಿದ್ದು. ಏನಾಯಿತು, ಯಾಕಾಯಿತು, ಒಂದೂ ಕೇಳಲಿಲ್ಲ. “ಬೇಗ ಹುಷಾರಾಗ್ಲಿ ಅಂತ ಕಂಪನಿಯವರೇ ಕೊಟ್ಟಿದ್ದಾರೆ” ಅಂದರು. ಚಿಕ್ಕಮ್ಮ ಬಲಗೈ ಚಾಚಿ ತೆಗೆದುಕೊಂಡಳು. ಎದೆಗವಚಿಕೊಂಡಳು. ತೊದಲುತ್ತ ಕೇಳಿದಳು, “ನೀವೂ... ಕುಡೀತೀರಾ?”

“ಅಯ್ಯೋ, ನಂಗೂ ಬಿಪಿ ಇದೆಯಮ್ಮ. ನಾನು ಮಾತ್ರೆ ತಪ್ಪಿಸೋದೇ ಇಲ್ಲ.”

ನಕ್ಕರು. ಚಿಕ್ಕಮ್ಮ ನಗಲಿಲ್ಲ. ಡಬ್ಬಿಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟಳು. ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

ಗೈಡ್ ಕಾರಿಡಾರಿನಲ್ಲೇ ಇದ್ದಾರೆ ಇನ್ನೂ, ಫೋನಿನಲ್ಲಿ. ಪ್ರಬಂಧ ನಾಳೆ ಕಳಿಸುತ್ತಾರಂತೆ. ನನ್ನ ಹೆಸರು ಕೇಳಿಸಿತು. ಕಳಿಸಲಿ ನೋಡೋಣ. ನರ್ಸು, ಡಾಕ್ಟರು, ಪಕ್ಕದ ಹಾಸಿಗೆಯವರು, ಎಲ್ಲರೂ ಇದ್ದಾರೆ. ಎಲ್ಲರ ಎದುರಿಗೇ, ಈಗಲೇ ಹೋಗಿ, ಆ ಎಣಿಕೆ ಸುಳ್ಳು, ನನ್ನ ಹೆಸರು ತೆಗೆಯಿರಿ ಅಂತ —