ಅಕ್ಕನ ಮಗಳು ಕೇಳಿದ್ದು

ಮಾರ್ಚ್ 3, ಬೆಳಿಗ್ಗೆ
ಕೆಲಸಕ್ಕೆ ಹೊರಡುವ ಮೊದಲು ಮತ್ತೆ ಕುಕ್ಕರಗಾಲಲ್ಲಿ ಕೂತು ಎದ್ದೆ. ಕೈ ಊರಲಿಲ್ಲ. ಎಡ ತೊಡೆ ನಡುಗಿತೇ? ಭ್ರಮೆಯೇ? ಲಿಫ್ಟ್ ರಿಪೇರಿಯವನಿಗೆ ಕಾಲೇ ಬಂಡವಾಳ. ಅಪ್ಪನಿಗೂ ಕಾಲು ಸೋಲುವುದು ಹೀಗೇ ಶುರುವಾಗಿತ್ತು; ವಯಸ್ಸಾಯಿತು ಅಂದುಕೊಂಡೆವು. ಈಗ ಅಕ್ಕ. ತನ್ನ ಸಲೂನಿನಲ್ಲಿ ಗಿರಾಕಿಯ ಕೂದಲು ಕತ್ತರಿಸುತ್ತಲೇ ಕುಸಿದಳು.

ಮಾರ್ಚ್ 4
ಅಕ್ಕನ ರಿಪೋರ್ಟ್ ಬಂತು. ಡಿಎನ್‌ಎಜೆಬಿ6 ಅಂತೆ — ಗಾಡಿ ನಂಬರ್ ಇದ್ದ ಹಾಗಿದೆ. ಡಾಕ್ಟರಮ್ಮ ಬಿಡಿಸಿ ಹೇಳಿದರು: "ಪ್ರೋಟೀನ್ ಸರಿಯಾಗಿ ಮಡಚಿಕೊಂಡ್ರೇನೇ ಕೆಲಸ ಮಾಡೋದು. ಅದನ್ನ ನೋಡ್ಕೊಳ್ಳೋ ಜೀನ್ ಇದು. ಇದೇ ಕೆಟ್ರೆ, ತಪ್ಪಾಗಿ ಮಡಚಿದ್ದೆಲ್ಲ ಸ್ನಾಯುವಲ್ಲಿ ಗಂಟುಗಟ್ಟತ್ತೆ. ನಿಧಾನಕ್ಕೆ ಶಕ್ತಿ ಹೋಗತ್ತೆ."
"ಔಷಧಿ?"
"ಸದ್ಯಕ್ಕಿಲ್ಲ. ನಿಮಗೂ ಇರೋ ಸಾಧ್ಯತೆ ಅರ್ಧಕ್ಕರ್ಧ."
ಹೊರಗೆ ಅಕ್ಕ ತೋಳು ಹಿಡಿದಳು. "ಮಗಳ ಹತ್ರ ಬಾಯಿ ಬಿಡಬೇಡ ಕಣೋ. ಹೈಜಂಪ್‌ಗೆ ಆಯ್ಕೆ ಆಗಿದ್ದಾಳೆ."
ಆಯ್ತು ಅಂದೆ. ಅನ್ನಬಾರದಿತ್ತು.

ಮಾರ್ಚ್ 9
ನನ್ನ ಪರೀಕ್ಷೆಗೂ ರಕ್ತ ಕೊಟ್ಟು ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಏಪ್ರಿಲ್ 2
ನನಗಿಲ್ಲ! ಮತ್ತೆ ಮತ್ತೆ ಕೇಳಿದೆ... ಇಲ್ಲವಂತೆ. ಬಸ್ ಸ್ಟಾಪಿನಲ್ಲಿ ಅತ್ತುಬಿಟ್ಟೆ. ಖುಷಿಗೋ, ನಾಚಿಕೆಗೋ. ಹೇಳಿದಾಗ ಅಕ್ಕ ಬೆನ್ನಿಗೆ ಗುದ್ದಿದಳು. "ಯಾಕೋ ಹರಳೆಣ್ಣೆ ಕುಡಿದ ಮುಖ? ನಮ್ಮಿಬ್ರಲ್ಲಿ ಒಬ್ಬರಾದ್ರೂ ಪಾಸಾದ್ರಲ್ಲ!" ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ಬಹಳ ಹೊತ್ತು.

ಏಪ್ರಿಲ್ 11, ಸಂಜೆ
ಅಕ್ಕನ ಮಗಳು ಮೈದಾನದಿಂದ ನೇರ ವರ್ಕ್‌ಶಾಪಿಗೆ ಬಂದಳು.
"ಮಾಮ, ಅಮ್ಮಂಗೆ ಏನಾಗಿದೆ? ಸುಸ್ತು ಅಂತ ಮಾತ್ರ ಹೇಳ್ಬೇಡ."
ಸ್ಪ್ಯಾನರ್ ಹುಡುಕುವ ನಾಟಕವಾಡಿದೆ.
"ನೀನೂ ಸುಳ್ಳು ಹೇಳಿದ್ರೆ ಇನ್ಯಾರನ್ನ ಕೇಳ್ಲಿ?"
ಹೇಳಿಬಿಟ್ಟೆ. ಅವಳಿಗೂ ಇರಬಹುದು ಅಂತಲೂ. ಅಳಲಿಲ್ಲ. ಸಾಕ್ಸ್ ಎಳೆದುಕೊಂಡು, ಬಿಟ್ಟು, ಮತ್ತೆ ಎಳೆದುಕೊಂಡಳು. "ಮುಂದಿನ ವಾರ ಜಿಗೀಬಹುದಾ?"
ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಧಾರಾಳವಾಗಿ ಜಿಗಿಯಲಿ ಅಂದರು.

ಏಪ್ರಿಲ್ 12
ಅಕ್ಕನ ಫೋನ್. "ಮಾತು ಕೊಟ್ಟಿದ್ದೆ ನೀನು." ಇಟ್ಟೇಬಿಟ್ಟಳು.

ಏಪ್ರಿಲ್ 16
ಫೋನ್ ಎತ್ತುತ್ತಿಲ್ಲ. ಸಲೂನಿನ ಮುಂದೆ ಎರಡು ಸುತ್ತು ಹಾಕಿದೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ.

ಏಪ್ರಿಲ್ 19, ಬೆಳಿಗ್ಗೆ
ಬಾಗಿಲಲ್ಲಿ ಅಕ್ಕ! ಮಗಳ ಹೆಗಲು ಹಿಡಿದು ಮಹಡಿ ಹತ್ತಿ ಬಂದಿದ್ದಾಳೆ. ಏದುಸಿರು.
"ನಿನ್ನ ಮೇಲೆ ಸಿಟ್ಟು ಇಳಿದಿಲ್ಲ, ತಿಳ್ಕೋ. ಆದ್ರೆ ಮನೇಲಿ ಕುಂಟೋದನ್ನ ಮುಚ್ಚಿಡೋ ಕಷ್ಟ ತಪ್ತು." ಮೂಗು ಒರೆಸಿಕೊಂಡಳು. "ಇವತ್ತು ಇವಳ ಸ್ಪರ್ಧೆ. ಹೊರಡು."
ಹುಡುಗಿ ಗಾಡಿ ಹಿಡಿಯಲು ಓಡಿದಳು. ಬಟ್ಟೆ ಬದಲಿಸಿದ್ದಾಯಿತು, ಈ ಎರಡು ಸಾಲು ಗೀಚಿ ಹೊರಡುತ್ತೇನೆ. ಅಕ್ಕನಿಗೆ ತಾಳ್ಮೆಯೇ ಇಲ್ಲ — ಅಯ್ಯೋ, ಒಬ್ಬಳೇ ಮೆಟ್ಟಿಲು ಇಳಿಯೋಕೆ ಹೊರಟಳು —